ಸೀಗಡಿ ಹಾಕದ ಡಬ್ಬ

ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಎಷ್ಟು ಕೋಸು ತರಬೇಕು ಎಂಬ ಜಗಳ ಆ ಮನೆಯಲ್ಲಿ ಪ್ರತಿ ವರ್ಷ ನವೆಂಬರಿನ ಮೊದಲ ವಾರ ಶುರುವಾಗಿ ಎರಡನೆಯ ವಾರಕ್ಕೆ ಮುಗಿಯುತ್ತಿತ್ತು. ಆ ವರ್ಷ ಎರಡನೆಯ ವಾರ ಕಳೆದರೂ ಮುಗಿದಿರಲಿಲ್ಲ.

"ಎಂಬತ್ತು ಸಾಕು," ಎಂದ ದೊಕ್ಸು. ಅವನು ಇಂಚೊನ್ ರೈಲು ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಗುಮಾಸ್ತ. ಏನನ್ನೇ ಎತ್ತಬೇಕಾಗಿ ಬಂದರೂ ಮೊದಲು ಅದರ ತೂಕ ಯೋಚಿಸುವ ಮನುಷ್ಯ.

"ನೂರು," ಎಂದಳು ಹೆಂಡತಿ ಒಕ್ಬುನ್.

"ಮನೇಲಿರೋದು ನಾಲ್ಕು ಜನ ಕಣೇ."

"ತೇಸಿಕ್ ಬರ್ತಿದಾನಲ್ರೀ. ಹದಿನೈದು ದಿನ ರಜ."

"ಹದಿನೈದು ದಿನಕ್ಕೆ ಇಪ್ಪತ್ತು ಕೋಸು ತಿನ್ನೋಕೆ ಅವನೇನು ಎಮ್ಮೇನಾ?"

"ಒಂದು ವರ್ಷದಿಂದ ಏನು ತಿಂದಿದಾನೋ. ಕಾಗದ ನೋಡಿದ್ರಾ? 'ಚೆನ್ನಾಗಿದ್ದೇನೆ, ಊಟ ಚೆನ್ನಾಗಿದೆ.' ಊಟ ಚೆನ್ನಾಗಿದ್ರೆ ಯಾವ ಗಂಡು ಮಗ ಅದನ್ನ ಅಮ್ಮಂಗೆ ಬರೀತಾನೆ?"

ಅಡಿಯಿಂದ ಬೆಚ್ಚಗೆ ಕಾಯಿಸಿದ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ, ಎಂದರೆ ಮನೆಯ ಅಜ್ಜಿ, ತಲೆ ಎತ್ತದೆ ಹೇಳಿದಳು: "ಅವನು ಬರೋವರೆಗೂ ಕಾಯ್ತೀನಿ ಅಂತ ಕೂತ್ರೆ ಕೋಸಿಗೆ ಹಿಮ ಹೊಡೀತದೆ. ಆಮೇಲೆ ನಿಮ್ಮಿಬ್ರನ್ನೇ ಸೀಳಿ ಉಪ್ಪಲ್ಲಿ ಹಾಕ್ತೀನಿ."

ನೂರು ಕೋಸು ಬಂದವು.

ತೇಸಿಕ್ ಸೈನ್ಯಕ್ಕೆ ಸೇರಿದ್ದಾನೆ ಎಂದು ಮನೆಯವರು ಓಣಿಯಲ್ಲಿ ಹೇಳುತ್ತಿದ್ದರು. ಸೇರಿಸಿದ್ದರು ಎನ್ನುವುದು ಸರಿ. ಹಿಂದಿನ ವರ್ಷ ಸಿಯೋಲಿನ ತನ್ನ ವಿಶ್ವವಿದ್ಯಾಲಯದಲ್ಲಿ, ಚುನಾವಣೆ ನಡೆಸಿ, ಆಳುತ್ತಿರುವ ಸೇನಾ ಜನರಲ್‌ಗಳು ಬ್ಯಾರಕ್ಕಿಗೆ ಮರಳಲಿ ಎಂಬ ಕರಪತ್ರ ಹಂಚುವಾಗ ಹಿಡಿದರು. ಐದು ದಿನ ಎಲ್ಲೋ ಇಟ್ಟುಕೊಂಡು, ಆರನೆಯ ದಿನ ತಲೆ ಬೋಳಿಸಿ ಗಡಿಯ ಪಡೆಗೆ ಕಳಿಸಿದರು. ಭರ್ತಿಗೆ ಬೇಕಾದ ವೈದ್ಯರ ತಪಾಸಣೆಯೂ ನಡೆಯಲಿಲ್ಲ. ಸೈನ್ಯಕ್ಕೆ ಹೋದರೆ ಹುಡುಗ ಗಂಡಸಾಗುತ್ತಾನೆ ಎಂದು ಓಣಿಯವರು ಸಮಾಧಾನ ಹೇಳಿದರು. ಓಣಿಯವರ ಸಮಾಧಾನ ಯಾವಾಗಲೂ ಹೀಗೆಯೇ. ಕೇಳಿದವರಿಗಿಂತ ಹೇಳಿದವರಿಗೇ ಹೆಚ್ಚು ನೆಮ್ಮದಿ.

ಒಕ್ಬುನ್ ಆ ಓಣಿಯ ಹದಿನೆಂಟು ಮನೆಗಳ ಮುಖ್ಯಸ್ಥೆ. ಪ್ರತಿ ತಿಂಗಳು ಇಪ್ಪತ್ತೈದನೇ ತಾರೀಖು ಮನೆಗೊಬ್ಬರಂತೆ ಬಂದು ಕೂರುವ ಸಭೆಯಲ್ಲಿ ಸರ್ಕಾರ ಕಳಿಸಿದ ಹಾಳೆಯನ್ನು ಓದುವುದು ಅವಳ ಕೆಲಸ. ಇಲಿಗಳನ್ನು ಕೊಲ್ಲಿರಿ. ಕಲ್ಲಿದ್ದಲ ಹೊಗೆಯ ಬಗ್ಗೆ ಎಚ್ಚರವಿರಲಿ. ಅನುಮಾನಾಸ್ಪದ ಅಪರಿಚಿತರು ಕಂಡರೆ ಠಾಣೆಗೆ ತಿಳಿಸಿರಿ. ಮೂರನ್ನೂ ಒಂದೇ ದನಿಯಲ್ಲಿ ಓದುತ್ತಿದ್ದಳು. ಈ ಹುದ್ದೆಯಿಂದ ಅವಳಿಗೆ ಬಂದದ್ದು ಎರಡು: ವರ್ಷಕ್ಕೊಂದು ಟವೆಲ್ಲು, ಎಲ್ಲಕ್ಕೂ ಚೀಟಿ ಅಂಟಿಸುವ ಚಟ. ಜುವಾನ್‌ನಲ್ಲಿದ್ದ ನಾದಿನಿ ಒಮ್ಮೆ ಕಿಮ್ಚಿಯ ಡಬ್ಬವೊಂದನ್ನು ಹಿಂದಿರುಗಿಸದೆ ನುಂಗಿದ ಮೇಲೆ, ಮನೆಯಿಂದ ಹೊರಗೆ ಹೋಗುವ ಪ್ರತಿಯೊಂದು ಡಬ್ಬಕ್ಕೂ ಮೇಣಬಟ್ಟೆಯ ಪಟ್ಟಿ ಕಟ್ಟಿ, ಯಾರಿಗೆ, ಯಾವ ವಿಳಾಸ ಎಂದು ಬರೆಯುತ್ತಿದ್ದಳು. ಇನ್ನೊಬ್ಬರ ಪಾತ್ರೆಯನ್ನು ಮಾತ್ರ ಅವಳು ಎಂದೂ ಖಾಲಿ ಹಿಂದಿರುಗಿಸಿದವಳಲ್ಲ. ಏನೂ ಇಲ್ಲದಿದ್ದರೆ ನಾಲ್ಕು ಮೂಲಂಗಿಯಾದರೂ ಇರುತ್ತಿದ್ದವು. ಖಾಲಿ ಪಾತ್ರೆ ಕೊಡುವವರಿಗೆ ಅವಳ ಲೆಕ್ಕದಲ್ಲಿ ಮನೆತನವಿಲ್ಲ.

*

ತೇಸಿಕ್ ಹದಿನೈದನೇ ತಾರೀಖು ಬಂದ. ಅನ್ನವನ್ನು ಅಗಿಯದೆ ನುಂಗಿದ. ಅಜ್ಜಿ ಹಿಂದಿನಿಂದ ಹೆಗಲು ಮುಟ್ಟಿದಾಗ ಎದ್ದು ನಿಂತು ತನ್ನ ಹೆಸರನ್ನೂ ಪಡೆಯ ಸಂಖ್ಯೆಯನ್ನೂ ಕೂಗಿದ. ಅಜ್ಜಿ ಕೈ ಹಿಂದೆಗೆದಳು.

"ಗೊತ್ತು ಕಣೋ ನಿನ್ ಹೆಸ್ರು. ಇಟ್ಟಿದ್ದೇ ನಾನು."

ನಾಲ್ಕು ದಿನ ಕಳೆದರೂ ಅವನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಸೂರಿಗೆ ಹಂಚು ಹೊಂದಿಸಿದ, ಕಲ್ಲಿದ್ದಲ ಬಿಲ್ಲೆಗಳನ್ನು ಕೊಟ್ಟಿಗೆಯಲ್ಲಿ ಗೋಡೆಯಂತೆ ಜೋಡಿಸಿದ, ಅಜ್ಜಿಯ ಜೊತೆ ಬೆಳ್ಳುಳ್ಳಿ ಸುಲಿದ. ಹಳೆಯ ಗೆಳೆಯರ ಹೆಸರು ಬಂದರೆ ಎದ್ದು ಅಂಗಳಕ್ಕೆ ಹೋಗುತ್ತಿದ್ದ.

ತಂಗಿ ಮಿರಾನ್ ಇದನ್ನೆಲ್ಲ ನೋಡುತ್ತಿದ್ದಳು. ಅವಳಿಗೆ ಇಪ್ಪತ್ತು, ಇಂಚೊನಿನಲ್ಲೇ ಶಿಕ್ಷಕರ ಕಾಲೇಜಿನ ಎರಡನೇ ವರ್ಷ. ಅಣ್ಣ ಕರಪತ್ರ ಹಂಚಿದ ಚಳವಳಿಯಲ್ಲೇ ಅವಳೂ ಇದ್ದಳು. ಸದ್ಯ ಸಿಕ್ಕಿಬಿದ್ದಿರಲಿಲ್ಲ, ಅಷ್ಟೇ.

"ನಿನ್ ಕ್ಲಾಸಿನೋರನ್ನ ನೋಡೋಕೆ ಹೋಗಲ್ವಾ ಅಣ್ಣ?" ಎಂದಳು ಐದನೆಯ ದಿನ, ಇಬ್ಬರೂ ಬಾವಿಕಟ್ಟೆಯ ಬಳಿ ಮೂಲಂಗಿ ಉಜ್ಜುವಾಗ.

"ಇಲ್ಲ."

"ಒಂದು ಲೋಟ ಕುಡಿಯೋಕೂ?"

"ನನ್ ಮುಂದೆ ಯಾರ ಹೆಸ್ರೂ ಎತ್ತಬೇಡ ಮಿರಾನ್."

"ಎತ್ತಿದ್ರೆ? ಬರ್ಕೊಳ್ತೀಯಾ?"

ಅವಳು ಚುಚ್ಚಲೆಂದೇ ಕೇಳಿದ್ದಳು. ಅವನು ಮೂಲಂಗಿಯನ್ನು ನೀರಿಗೆ ಬಿಟ್ಟು, "ಹೌದು" ಎಂದ.

"ಏನು?"

"ಇದು ರಜ ಅಲ್ಲ ಕಣೇ, ಕೆಲ್ಸ. ಜುನ್ಮೊ ಎಲ್ಲಿದ್ದಾನೆ ಅಂತ ತಿಳ್ಕೊಂಡು ಬಾ ಅಂತ ಕಳ್ಸಿದ್ದಾರೆ. ಬರಿಗೈಲಿ ಹೋದ್ರೆ ಹೊಡೀತಾರೆ. ಹೊಡೀಲಿ. ಗೊತ್ತಿಲ್ದೋನ್ನ ಎಷ್ಟು ಹೊಡೆದ್ರೂ ಅವನಿಗೆ ಗೊತ್ತಾಗಲ್ಲ. ಗೊತ್ತಿದ್ರೆ ಮಾತ್ರ ಕಷ್ಟ."

"ಗೊತ್ತಿದ್ರೆ ಹೇಳ್ಬಿಡ್ತೀಯಾ?"

"ಎರಡು ದಿನ ತಡೀತೀನಿ. ಹೋದ್ಸಲ ಎರಡು ದಿನ ತಡೆದೆ." ಮೂಲಂಗಿಯನ್ನು ಮತ್ತೆ ಎತ್ತಿಕೊಂಡು ಹೇಳಿದ: "ಅದಕ್ಕೇ, ನಿಂಗೆ ಗೊತ್ತಿದ್ರೂ ನಂಗೆ ಹೇಳ್ಬೇಡ. ನಾನೇ ಕೇಳಿದ್ರೂ ಸುಳ್ಳು ಹೇಳು."

ಅವಳಿಗೆ ಗೊತ್ತಿತ್ತು. ಜುನ್ಮೊ ತೇಸಿಕ್‌ನ ಸಹಪಾಠಿ. ಕರಪತ್ರ ಬರೆದವನು ಅವನೇ. ಒಂದು ವರ್ಷದಿಂದ ಪೊಲೀಸರು ಹುಡುಕುತ್ತಿದ್ದರು. ಅವನು ಬೇರೊಬ್ಬನ ಗುರುತಿನ ಚೀಟಿ ಇಟ್ಟುಕೊಂಡು ಬುಪ್ಯೊಂಗ್‌ನ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ತಿರುಗಿಸುತ್ತ, ರಾತ್ರಿ ಪಾಳಿ ಇಲ್ಲದಾಗ ಕೂಲಿಯವರಿಗೆ ಕಾನೂನು ಓದಿಸುತ್ತ, ಬಾಡಿಗೆ ಕೋಣೆಯಲ್ಲಿದ್ದ. ದಕ್ಷಿಣದ ಮೀನುಗಾರರ ಮನೆಯ ಹುಡುಗ, ತಾಯಿ ಇಲ್ಲ. ಸೀಗಡಿಯ ವಾಸನೆ ತಾಗಿದರೂ ಅವನ ಮುಖ ಊದುತ್ತಿತ್ತು. ಮೀನುಗಾರನ ಮಗನಿಗೆ ಇಂಥ ಮೈ ಕೊಟ್ಟ ವಿಧಿಯ ಹಾಸ್ಯಕ್ಕೆ ಒಕ್ಬುನ್ ಮನೆಯವರೆಲ್ಲ ಹಿಂದೊಮ್ಮೆ ಹೊಟ್ಟೆ ತುಂಬ ನಕ್ಕಿದ್ದರು. ಆಗ ಅವನು ವಾರಕ್ಕೆರಡು ಸಲ ತೇಸಿಕ್ ಜೊತೆ ಬಂದು ಇಲ್ಲೇ ಊಟ ಮಾಡುತ್ತಿದ್ದ.

ಈಗ ಅವನು ಬರುವಂತಿರಲಿಲ್ಲ; ಊಟ ಹೋಗುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಒಕ್ಬುನ್ ಕಟ್ಟಿಕೊಟ್ಟ ಆಲೂಗಡ್ಡೆ ಪಲ್ಯ, ಸೋಯಾದಲ್ಲಿ ಬೇಯಿಸಿದ ಮೊಟ್ಟೆಗಳನ್ನು ಮಿರಾನ್ ಒಯ್ಯುತ್ತಿದ್ದಳು. "ಯಾರಿಗೂ ಬಾಯಿ ಬಿಡಬೇಡಿ ಅಮ್ಮ" ಎಂದರೆ ಒಕ್ಬುನ್‌ಗೆ ಸಿಟ್ಟು. "ನಾನು ಓಣಿ ಮುಖ್ಯಸ್ಥೆ ಕಣೇ. ಯಾವಾಗ ಬಾಯಿ ಬಿಡ್ಬೇಕು, ಯಾವಾಗ ಮುಚ್ಚಬೇಕು ನಂಗೆ ಗೊತ್ತಿಲ್ವಾ?" ಇಪ್ಪತ್ತೈದಕ್ಕೆ ಅನುಮಾನಾಸ್ಪದ ಅಪರಿಚಿತರ ಬಗ್ಗೆ ಓದಿ, ಇಪ್ಪತ್ತಾರಕ್ಕೆ ಮೊಟ್ಟೆ ಕಳಿಸುವುದರಲ್ಲಿ ಅವಳಿಗೆ ಯಾವ ತೊಡಕೂ ಕಂಡಿರಲಿಲ್ಲ. ಅವನು ಅಪರಿಚಿತನೇ ಅಲ್ಲವಲ್ಲ.

ಮಿರಾನ್ ಅಣ್ಣನ ಮಾತನ್ನು ಕಾಲೇಜಿನ ಚಳವಳಿಯ ಹಿರಿಯ ವಿದ್ಯಾರ್ಥಿಗಳಿಗೆ ಹೇಳಿದಳು. ಅವರು ನಕ್ಕರು. "ಅರ್ಧ ಒಪ್ಕೊಳ್ಳೋದೇ ಗೂಢಚಾರರಿಗೆ ಅವರು ಕಲ್ಸೋ ಪಾಠದ ಮೊದಲನೇ ಪುಟ. ನಂಬಿಕೆ ಹುಟ್ಟಿಸ್ತಾರೆ. ಆಮೇಲೆ ಒಂದಿನ, 'ಅಯ್ಯೋ ಅಪಾಯ, ಓಡು, ಅವನಿಗೆ ತಿಳ್ಸು' ಅಂತಾರೆ. ನೀನು ಓಡ್ತೀಯ. ಹಿಂದೆ ಅವರು ಬರ್ತಾರೆ."

ಅಂದಿನಿಂದ ಅವಳು ಅಣ್ಣನ ತಟ್ಟೆಗೆ ಬಡಿಸುವುದನ್ನು ಬಿಟ್ಟಳು.

*

ಆರನೆಯ ದಿನ ಸಾರ್ಜೆಂಟ್ ಯೊಮ್ ಬಂದ. ಮೂವತ್ತೈದರ ಆಸುಪಾಸು, ಸಮವಸ್ತ್ರವಿಲ್ಲ, ಕಂದು ಚರ್ಮದ ಕೋಟು. ಪಡೆಯ ಯೋಗಕ್ಷೇಮ ವಿಭಾಗದಿಂದ ಬಂದಿದ್ದೇನೆ ಎಂದ.

"ಹುಡುಗರು ರಜದಲ್ಲಿ ಸರಿಯಾಗಿ ಉಣ್ತಾರೋ ಇಲ್ವೋ ನೋಡೋದೇ ನಮ್ ಕೆಲಸ ಅಮ್ಮ."

ಅಮ್ಮ ಎಂದು ಕರೆದವನನ್ನು ಉಣ್ಣಿಸದೆ ಕಳಿಸುವುದು ಒಕ್ಬುನ್‌ಗೆ ಬರುತ್ತಿರಲಿಲ್ಲ. ಅವನು ಎರಡು ಬಟ್ಟಲು ಅನ್ನ ತಿಂದ. ಅಜ್ಜಿಯ ಮಂಡಿನೋವಿಗೆ ಅಂಟಿಸುವ ಔಷಧಿ ಪಟ್ಟಿಯೊಂದರ ಹೆಸರು ಹೇಳಿದ. ಮರುದಿನ ಅದನ್ನು ತಂದೂ ಕೊಟ್ಟ. ಅವನ ಎದುರಿಗೆ ತೇಸಿಕ್ ಮೊಣಕಾಲೂರಿ ನೇರ ಕೂತು, ಸಾರಿನ ಬಟ್ಟಲನ್ನೇ ನೋಡುತ್ತಿದ್ದ.

"ಏನಪ್ಪ, ಹಳೇ ಗೆಳೆಯರೆಲ್ಲ ಸಿಕ್ಕಿದ್ರಾ?" ಎಂದ ಯೊಮ್.

"ಯಾರೂ ಸಿಕ್ಕಿಲ್ಲ, ಸಾರ್ಜೆಂಟ್."

"ಪರವಾಗಿಲ್ಲ. ಇನ್ನೂ ಒಂಬತ್ತು ದಿನ ಇದೆ."

ಅವನು ಹೋದ ಮೇಲೆ ಒಕ್ಬುನ್ ಹೇಳಿದಳು, "ಎಷ್ಟು ಒಳ್ಳೇ ಮನುಷ್ಯ! ನಿಮ್ ರೈಲ್ವೇಲಿ ಇಪ್ಪತ್ತೆರಡು ವರ್ಷದಲ್ಲಿ ಯಾರಾದ್ರೂ ಹೀಗೆ ಮನೆಗೆ ಬಂದು ವಿಚಾರಿಸಿದಾರೇನ್ರೀ?"

ದೊಕ್ಸು ಅನ್ನಕ್ಕೆ ನೀರು ಹಾಕಿಕೊಂಡ. "ಬಂದಿಲ್ಲ," ಎಂದ. "ಬರದೇ ಇದ್ರೇನೇ ಒಳ್ಳೇದು."

*

ನವೆಂಬರಿನ ಕೊನೆಯ ಭಾನುವಾರ ಕಿಮ್ಚಿ ಹಾಕುವ ದಿನ. ಹಿಂದಿನ ದಿನ ಉಪ್ಪಿಗೆ ಹಾಕಿದ ಕೋಸುಗಳು ಬೆಳಗ್ಗೆ ಹಿಂಡಿ ಇಟ್ಟಾಗ ಅಂಗಳದಲ್ಲಿ ಗುಡ್ಡ ಬಿದ್ದಿದ್ದವು. ಓಣಿಯ ಆರು ಹೆಂಗಸರು ಕೆಂಪು ರಬ್ಬರ್ ಗ್ಲೌಸು ಹಾಕಿಕೊಂಡು ಬಂದರು. ಒಲೆಯ ಮೇಲೆ ಹಂದಿಮಾಂಸ ಬೇಯುತ್ತಿತ್ತು. ಅಜ್ಜಿ ಜಗಲಿಯ ಮೇಲೆ ಕೂತು ಒಂದೊಂದು ಬೋಗುಣಿಯ ಮಸಾಲೆಗೂ ನಾಲಗೆ ತಾಗಿಸಿ ತೀರ್ಪು ಕೊಡುತ್ತಿದ್ದಳು.

"ಉಪ್ಪು ಸಾಲ್ದು. ಇದ್ಯಾರು ಕಲೆಸಿದ್ದು? ಗಂಡನ ಮೇಲೆ ಸಿಟ್ಟಿದ್ರೆ ಮೆಣಸಿನಪುಡಿ ಮೇಲೆ ತೋರಿಸಬೇಡಿ."

ಒಕ್ಬುನ್ ನಾಲ್ಕು ಕೋಸುಗಳನ್ನು ಬೇರೆ ತೆಗೆದಿಟ್ಟು, ಬೇರೆ ಬೋಗುಣಿಯಲ್ಲಿ, ಗ್ಲೌಸು ಬದಲಿಸಿ, ಎಲ್ಲ ಕಿಮ್ಚಿಗೂ ಬೀಳುವ ಉಪ್ಪುಸೀಗಡಿ ಇಲ್ಲದ ಮಸಾಲೆ ಕಲೆಸಿದಳು. ತುಂಬಿದ ಡಬ್ಬ ನೀಲಿಯದು. ಮುಚ್ಚಳದ ಮೇಲೆ ಬಿಸಿ ಬಾಣಲೆ ಇಟ್ಟ ಗುರುತು. ಅದಕ್ಕೂ ಪಟ್ಟಿ ಕಟ್ಟಿದಳು. ಹೆಸರು ಬರೆಯಲಿಲ್ಲ. 'ಬುಪ್ಯೊಂಗ್, ಸಾರ್ವಜನಿಕ ಸ್ನಾನಗೃಹದ ಹಿಂದಿನ ಗಲ್ಲಿ, ಬಾವಿಯ ಮನೆ, ಬಾಗಿಲ ಪಕ್ಕದ ಕೋಣೆ. ಡಬ್ಬ ವಾಪಸ್ ಬೇಕು.' ಹೆಸರು ಬಿಟ್ಟ ತನ್ನ ಜಾಣತನವನ್ನು ತಾನೇ ಮೆಚ್ಚಿ, ಅದನ್ನು ಜುವಾನ್‌ನ ನಾದಿನಿಯ ಡಬ್ಬದ ಪಕ್ಕ ಜಗಲಿಯ ತುದಿಗೆ ಇಟ್ಟಳು. ಸಂಜೆ ಮಿರಾನ್ ಒಯ್ಯಬೇಕಿತ್ತು.

ಮಧ್ಯಾಹ್ನ ಎರಡು ಗಂಟೆಗೆ ಸಾರ್ಜೆಂಟ್ ಯೊಮ್ ಎರಡು ಬಾಟಲಿ ಸೋಜು ಸಾರಾಯಿ ಹಿಡಿದು ಬಂದ. ಕೋಟು ಕಳಚಿ, ತೋಳು ಮಡಚಿ, ಯಾರೂ ಹೇಳುವ ಮೊದಲೇ ಡಬ್ಬಗಳನ್ನು ಎತ್ತತೊಡಗಿದ. ಹೆಂಗಸರಿಗೆ ಖುಷಿಯೋ ಖುಷಿ.

"ಮದುವೆ ಆಗಿದೆಯೇನಪ್ಪ?"

"ಆಗಿದೆ ಅಕ್ಕ, ಎರಡು ಮಕ್ಕಳು."

"ಅಯ್ಯೋ, ಒಳ್ಳೇವ್ರೆಲ್ಲ ಬೇಗ ಖರ್ಚಾಗಿಬಿಡ್ತಾರೆ."

ಒಕ್ಬುನ್ ಹೊಸ ಕಿಮ್ಚಿಯ ಎಳೆಯ ಎಲೆಯೊಂದನ್ನು ಕಿತ್ತು, ಮಾಂಸದ ತುಂಡು ಸುತ್ತಿ ಅವನ ಬಾಯಿಗೇ ಇಟ್ಟಳು. ಅವನು ಅಗಿಯುತ್ತ ಎರಡು ಬೋಗುಣಿಗಳ ಕಡೆ ನೋಡಿದ. ಒಂದು ಗಾಢ ಕೆಂಪು, ಇನ್ನೊಂದು ತುಸು ತಿಳಿ.

"ಇದ್ಯಾಕಮ್ಮ ಬೇರೆ?"

"ಅದಕ್ಕೆ ಸೀಗಡಿ ಹಾಕಿಲ್ಲ."

"ಮನೇಲಿ ಯಾರಾದ್ರೂ ಸನ್ಯಾಸಿ ಇದಾರಾ?"

ಹೆಂಗಸರು ನಕ್ಕರು. ಒಕ್ಬುನ್ ಕೂಡ ನಕ್ಕಳು. "ಸನ್ಯಾಸಿ ಎಲ್ಲಿಂದ ಬರ್ಬೇಕು! ಒಬ್ಬ ಹುಡುಗ ಇದಾನೆ, ಸೀಗಡಿ ತಿಂದ್ರೆ ಪಾಪ ಮುಖ ಕಡುಬಿನ ಹಾಗೆ ಊದ್ಕೊಳ್ತದೆ."

ಜಾಡಿ ಹೊತ್ತು ಅಂಗಳ ದಾಟುತ್ತಿದ್ದ ತೇಸಿಕ್ ಅಲ್ಲೇ ನಿಂತ.

ಯೊಮ್ ಇನ್ನೊಂದು ತುಂಡು ಮಾಂಸ ತಿಂದ. ಆಮೇಲೆ ಜಗಲಿಯ ತುದಿಯ ಡಬ್ಬಗಳನ್ನು ಒತ್ತಾಗಿ ಜೋಡಿಸಿದ. ನೀಲಿ ಡಬ್ಬವನ್ನು ಎತ್ತಿ, ಇಟ್ಟು, ಪಟ್ಟಿಯ ಗಂಟು ಸಡಿಲವಾಗಿದೆ ಎಂಬಂತೆ ಅದನ್ನು ಬಿಗಿ ಮಾಡಿದ. "ಸಿಗರೇಟು ತಗೊಂಡು ಬರ್ತೀನಮ್ಮ," ಎಂದು ಕೋಟು ಹಾಕಿಕೊಂಡು ಓಣಿಯ ಮೂಲೆಯ ಅಂಗಡಿಗೆ ನಡೆದ. ಅವನ ಅಂಗಿಯ ಜೇಬಿನಲ್ಲಿ ಆಗ ತಾನೇ ಒಡೆದ ಪ್ಯಾಕು ಇತ್ತು. ಓಣಿಗೆ ಇದ್ದ ಒಂದೇ ಟೆಲಿಫೋನು ಆ ಅಂಗಡಿಯಲ್ಲಿತ್ತು.

ತೇಸಿಕ್ ಮಿರಾನ್‌ಳ ಮೊಣಕೈ ಹಿಡಿದು ಕಲ್ಲಿದ್ದಲ ಕೊಟ್ಟಿಗೆಗೆ ಎಳೆದೊಯ್ದ.

"ಆ ನೀಲಿ ಡಬ್ಬ ಜುನ್ಮೊಗೆ ತಾನೇ?"

"ಯಾವ ಡಬ್ಬ?"

"ಸುಳ್ಳು ಹೇಳೋ ಹೊತ್ತಲ್ಲ ಇದು! ಅವನು ಪಟ್ಟಿ ಓದಿದ. ಫೋನ್ ಮಾಡೋಕೆ ಹೋಗಿದಾನೆ. ಹಿತ್ತಲಿಂದ ಹೋಗು, ಈಗ್ಲೇ ಹೋಗು. ಜುನ್ಮೊಗೆ ಹೇಳು."

"ಪಟ್ಟೀಲಿ ಹೆಸರಿಲ್ಲ."

"ಸೀಗಡಿ ಇಲ್ವಲ್ಲ! ಹೋದ ವರ್ಷ ಹಿಡಿದಾಗ ಐವತ್ತು ಪುಟ ಬರಿ ಅಂದ್ರು. ಗೆಳೆಯರ ಬಗ್ಗೆ, ಏನಾದ್ರೂ, ಪುಟ ತುಂಬಬೇಕು ಅಷ್ಟೇ. ಕೆಲಸಕ್ಕೆ ಬಾರದ್ದನ್ನೆಲ್ಲ ಬರೆದೆ. ಯಾರು ಗೊರಕೆ ಹೊಡೀತಾರೆ, ಯಾರು ಹೆಂಗೆ ಹಾಡ್ತಾರೆ, ಯಾರಿಗೆ ಸೀಗಡಿ ಆಗಲ್ಲ... ಸೀಗಡಿ ಇಟ್ಕೊಂಡು ಯಾರೇನು ಮಾಡ್ತಾರೆ ಅಂದ್ಕೊಂಡೆ."

ಮಿರಾನ್ ಅವನ ಮುಖವನ್ನೇ ನೋಡಿದಳು. ಅಪಾಯ, ಓಡು, ಅವನಿಗೆ ತಿಳಿಸು. ಹಿರಿಯರು ಹೇಳಿದ ಮಾತುಗಳೇ, ಅದೇ ಕ್ರಮದಲ್ಲಿ ಬಂದಿದ್ದವು.

"ಇದನ್ನೂ ಅವರೇ ಹೇಳ್ಕೊಟ್ರಾ?" ಎಂದಳು.

"ಮಿರಾನ್..."

"ನಾನು ಓಡ್ಬೇಕು, ನನ್ ಹಿಂದೆ ಅವರು ಬರ್ಬೇಕು, ಅಲ್ವಾ? ನಾನೆಲ್ಲೂ ಹೋಗಲ್ಲ. ಇವತ್ತು ಈ ಮನೆ ಬಾಗಿಲೇ ದಾಟಲ್ಲ."

"ನಾನು ಹೋಗೋ ಹಾಗಿಲ್ಲ ಕಣೇ. ಒಂದು ನಿಮಿಷ ಕಾಣ್ದಿದ್ರೂ ಅವನಿಗೆ ಗೊತ್ತಾಗತ್ತೆ. ನಿನ್ ಕಾಲಿಗೆ ಬೀಳ್ತೀನಿ."

"ನಾಟಕ ಚೆನ್ನಾಗಿ ಕಲ್ತಿದೀಯ," ಎಂದು ಅವಳು ಗ್ಲೌಸು ಹಾಕಿಕೊಂಡು ಕೋಸಿನ ಗುಡ್ಡಕ್ಕೆ ಹಿಂದಿರುಗಿದಳು. ಒಂದೇ ಕೋಸಿಗೆ ಎರಡು ಸಲ ಮಸಾಲೆ ತುಂಬಿದಳು. ಪಕ್ಕದ ಮನೆಯಾಕೆ ಆಯಾಸ ಎಂದುಕೊಂಡಳು.

ಕೊಟ್ಟಿಗೆಯ ಹಿಂದೆ ಕಿಮ್ಚಿ ಕೆಡದಂತೆ ಜಾಡಿಗಳನ್ನು ನೆಲದಲ್ಲಿ ಹೂಳಲು ಗುಂಡಿ ತೋಡುತ್ತಿದ್ದ ದೊಕ್ಸು ಗುದ್ದಲಿಯನ್ನು ಗೋಡೆಗೆ ಒರಗಿಸಿದ. ಹಲಗೆಯ ಗೋಡೆ, ಎಲ್ಲವೂ ಕೇಳಿತ್ತು. ಅವನು ಕೈ ತೊಳೆದು, ಸಮವಸ್ತ್ರದ ಟೋಪಿ ಇಟ್ಟುಕೊಂಡು, ಜಗಲಿಯಿಂದ ನೀಲಿ ಡಬ್ಬ ಎತ್ತಿದ.

"ಎಲ್ಲಿಗ್ರೀ? ಅದನ್ನ ಮಿರಾನ್ ಒಯ್ತಾಳೆ," ಎಂದಳು ಒಕ್ಬುನ್.

"ಅವಳು ಕೋಸು ತುಂಬ್ತಿದಾಳೆ. ನಾನೇ ಕೊಟ್ಟು ಡ್ಯೂಟಿಗೆ ಹೋಗ್ತೀನಿ."

"ಒಂದು ಕೋಸೂ ಎತ್ತಲಾರೆ ಅಂತಿದ್ರಿ!"

ಅವನು ಹಿತ್ತಲ ಕಡೆಯಿಂದ ಹೋದ.

*

ಆ ಭಾನುವಾರ ಊರಿಗೆ ಊರೇ ಡಬ್ಬ ಹೊತ್ತು ತಿರುಗುತ್ತಿತ್ತು. ಬಸ್ಸಿನ ತುಂಬ ಬೆಳ್ಳುಳ್ಳಿಯ ವಾಸನೆ. ತೊಡೆಯ ಮೇಲೆ ನೀಲಿ ಡಬ್ಬ ಇಟ್ಟುಕೊಂಡ ರೈಲ್ವೆ ಗುಮಾಸ್ತನನ್ನು ಯಾರೂ ಎರಡನೇ ಸಲ ನೋಡಲಿಲ್ಲ. ನಾಲ್ಕು ಗಂಟೆಗೆ ಅವನು ಬಾವಿಯ ಮನೆ ಮುಟ್ಟಿದ.

"ಆ ಹುಡುಗ ಕೆಲಸಕ್ಕೆ ಹೋಗಿದಾನೆ. ಭಾನುವಾರಾನೂ ದುಡಿಸ್ತಾರೆ," ಎಂದಳು ಮನೆಯೊಡತಿ. "ಎಂಟು ಗಂಟೆ ಆಗತ್ತೆ. ನೀವ್ಯಾರು?"

"ದೊಡ್ಡಪ್ಪ."

ಕೋಣೆಯಲ್ಲಿ ನೆಲ ತಣ್ಣಗಿತ್ತು. ಒಂದು ರಜಾಯಿ, ರಟ್ಟು ಕಿತ್ತ ಪುಸ್ತಕ, ಹಗ್ಗದ ಮೇಲೆ ಒಣಗಿಸಿದ ಒಂದು ಜೊತೆ ಗ್ಲೌಸು. ಕಾರ್ಖಾನೆಗೇ ಹೋಗಿ ಕರೆಯೋಣವೆಂದರೆ ಹುಡುಗ ಅಲ್ಲಿ ಯಾವ ಹೆಸರಿನಲ್ಲಿದ್ದಾನೋ ಗೊತ್ತಿಲ್ಲ. ಮನೆಯೊಡತಿಯನ್ನು ಕೇಳೋಣವೆಂದರೆ ದೊಡ್ಡಪ್ಪನಿಗೆ ಹೆಸರು ಗೊತ್ತಿಲ್ಲದಿರುವುದು ಹೇಗೆ? ಅವನು ಗಡಿಯಾರ ನೋಡುತ್ತ ಕೂತ. ಆರು ಗಂಟೆಗೆ ಪಾಳಿ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಡವಾಗಿ ಹೋದವನಲ್ಲ. ಮಗ ಸಿಕ್ಕಿಬಿದ್ದ ಮರುದಿನವೂ ಸಮಯಕ್ಕೆ ಸರಿಯಾಗಿ ಹೋಗಿ ಟೋಪಿ ತೂಗುಹಾಕಿದ್ದ. ಅದಕ್ಕೇ ತನ್ನನ್ನು ಕೆಲಸದಿಂದ ತೆಗೆಯಲಿಲ್ಲ ಎಂದು ನಂಬಿದ್ದ.

ಐದಕ್ಕೆ ಜೇಬಿನಿಂದ ಪಾರ್ಸೆಲ್ ಚೀಟಿಯೊಂದನ್ನು ತೆಗೆದು ಹಿಂಭಾಗದಲ್ಲಿ ಬರೆದ: 'ಇವತ್ತು ಇಲ್ಲಿ ಮಲಗಬೇಡ. ಊಟ ಮಾಡಿ ಕೂಡಲೇ ಹೊರಡು.' ಹೊರಡುವವನಿಗೆ ಊಟ ಮಾಡು ಎಂದು ಯಾಕೆ ಬರೆದೆ ಎಂಬುದು ಅವನಿಗೇ ಆಮೇಲೆ ತಿಳಿಯಲಿಲ್ಲ. ಚೀಟಿ ಮನೆಯೊಡತಿಯ ಕಣ್ಣಿಗೆ ಬೀಳಬಾರದು. ಹುಡುಗ ಬಂದವನೇ ಮೊದಲು ಡಬ್ಬ ತೆರೆಯುತ್ತಾನೆ. ಮುಚ್ಚಳ ಬಿಚ್ಚಿ, ಕಿಮ್ಚಿಯ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಇಟ್ಟು, ಮುಚ್ಚಿದ.

ಐದೂ ಹತ್ತಕ್ಕೆ ಹೊರಟ. ಆರಕ್ಕೆ ಐದು ನಿಮಿಷ ಇರುವಾಗ ಟೋಪಿ ತೂಗುಹಾಕಿದ.

*

ಸುದ್ದಿಯನ್ನು ಮರುದಿನ ಮಧ್ಯಾಹ್ನ ಮಿರಾನ್ ತಂದಳು. ಎಲ್ಲರೂ ಊಟಕ್ಕೆ ಕೂತಿದ್ದರು.

"ಜುನ್ಮೊನ ಹಿಡಿದ್ರು. ನಿನ್ನೆ ಎಂಟು ಗಂಟೆಗೆ, ಶೂ ಕಳಚೋಕೂ ಬಿಡಲಿಲ್ಲವಂತೆ. ನಾಲ್ಕು ಜನ ಆರ್ ಗಂಟೆಯಿಂದಾನೇ ಕೋಣೇಲಿ ಕೂತಿದ್ರಂತೆ."

ಒಕ್ಬುನ್ ಕೈಯ ಚಮಚ ಕೆಳಗಿಟ್ಟಳು. "ಯಾರು ಹೇಳಿದ್ದು? ನಾನು ಯಾರಿಗೂ ಹೇಳ್ಲಿಲ್ಲ. ಹೆಸರೇ ಬರೀಲಿಲ್ಲ!"

"ಸೀಗಡಿ ಹಾಕ್ಲಿಲ್ಲವಲ್ಲ ಅಮ್ಮ."

"ಅಂದ್ರೆ?"

ತೇಸಿಕ್ ಹೇಳಿದ. ಐವತ್ತು ಪುಟ, ಗೊರಕೆ, ಹಾಡು, ಸೀಗಡಿ. ವರದಿ ಓದುವ ದನಿಯಲ್ಲಿ, ಎಲ್ಲೂ ನಿಲ್ಲಿಸದೆ ಹೇಳಿದ. ಯೊಮ್ ಯೋಗಕ್ಷೇಮದವನಲ್ಲ, ಸೈನ್ಯದ ಗುಪ್ತಚರ ವಿಭಾಗದವನು ಎಂಬುದನ್ನೂ.

"ನಾನು ಅವನ ಬಾಯಿಗಿಟ್ಟೆ," ಎಂದಳು ಒಕ್ಬುನ್. "ಕೈಯಾರೆ ಸುತ್ತಿ ಇಟ್ಟೆ."

"ನೀನು ನಿನ್ನೇನೇ ಹೋಗಿದ್ರೆ..." ತೇಸಿಕ್ ತಂಗಿಯ ಕಡೆ ತಿರುಗಿ ಅರ್ಧಕ್ಕೇ ನಿಲ್ಲಿಸಿದ.

"ಹೇಳು. ನಾನು ಹೋಗಿದ್ರೆ ತಪ್ಪಿಸ್ಕೊಳ್ತಿದ್ದ. ಹೇಳಿಬಿಡು. ನೀನು ಆ ಪುಟ ಖಾಲಿ ಬಿಟ್ಟಿದ್ರೂ ತಪ್ಪಿಸ್ಕೊಳ್ತಿದ್ದ."

"ಖಾಲಿ ಬಿಟ್ಟ ಒಂದೊಂದು ಪುಟಕ್ಕೂ..." ಅವನು ಅದನ್ನೂ ಮುಗಿಸಲಿಲ್ಲ.

"ನೀವು ಹೋಗಿದ್ರಲ್ರೀ!" ಒಕ್ಬುನ್ ಗಂಡನ ಕಡೆ ತಿರುಗಿದಳು. "ಡಬ್ಬ ಒಯ್ದಿದ್ರಲ್ಲ. ನೀವೇನು ಮಾಡಿದ್ರಿ ಅಲ್ಲಿ?"

"ಕಾದೆ."

"ಎಷ್ಟು ಹೊತ್ತಿನವರೆಗೆ?"

ದೊಕ್ಸು ಅನ್ನಕ್ಕೆ ನೀರು ಹಾಕಿಕೊಂಡ. ಬಟ್ಟಲು ತುಂಬಿ ಮಣೆಯ ಮೇಲೆ ಹರಿಯಿತು. "ಐದೂ ಹತ್ತರವರೆಗೆ," ಎಂದ.

ಅಜ್ಜಿ ಒರೆಸುವ ಬಟ್ಟೆ ತಂದು ನೀರು ಒರೆಸಿದಳು. "ಎಲ್ರೂ ಉಣ್ಣಿ," ಎಂದಳು. "ಆ ಹುಡುಗನ್ನ ಹಿಡಿದೋರು ಈಗ ಎಲ್ಲೋ ಕೂತು ಉಣ್ತಿರ್ತಾರೆ. ಅವರೇ ಉಣ್ಣೋವಾಗ ನೀವ್ಯಾಕೆ ಬಿಡ್ತೀರಿ?"

ಬುಧವಾರ ತೇಸಿಕ್ ಹೊರಟ. ಒಕ್ಬುನ್ ಕಟ್ಟಿದ ಬುತ್ತಿಯನ್ನು ಅವನು ಬಾಗಿಲಲ್ಲೇ ಇಟ್ಟ. ಬಸ್ಸಿನವರೆಗೆ ಮಿರಾನ್ ಜೊತೆಗೆ ನಡೆದಳು. ಬಸ್ಸು ಬಂದಾಗ ಅವನು ಹೇಳಿದ: "ನಂಗೆ ಕಾಗದ ಬರೀಬೇಡ. ಏನ್ ಮಾಡ್ತಿದೀಯ ಅಂತ ಹೇಳ್ಬೇಡ. ಇನ್ನು ನಂಗೆ ಗೊತ್ತಿರೋದು ಅಂತ ಉಳಿದಿರೋದು ನೀನೊಬ್ಳೇ."

*

ಡಿಸೆಂಬರ್ ಹತ್ತೊಂಬತ್ತರ ಬೆಳಗ್ಗೆ ಸಾರ್ಜೆಂಟ್ ಯೊಮ್ ಬಂದ. ಕೈಯಲ್ಲಿ ನೀಲಿ ಡಬ್ಬ. ಚೆನ್ನಾಗಿ ತಿಕ್ಕಿ ತೊಳೆದಿತ್ತು. ಮುಚ್ಚಳದ ಮೇಲಿನ ಬಾಣಲೆಯ ಗುರುತು ಮಾತ್ರ ಹಾಗೇ ಇತ್ತು.

"ವಾಪಸ್ ಬೇಕು ಅಂತ ಬರೆದಿದ್ರಲ್ಲಮ್ಮ." ಜಗಲಿಯ ಮೇಲೆ ಇಟ್ಟು ಮುಚ್ಚಳ ತೆಗೆದ. ಒಳಗೆ ಜೆಜು ದ್ವೀಪದ ಕಿತ್ತಳೆಗಳು, ಹೊಳೆಯುವಂಥವು. "ಖಾಲಿ ಪಾತ್ರೆ ಕೊಡಬಾರದು ಅಂತ ನಮ್ಮಮ್ಮನೂ ಹೇಳ್ತಿದ್ರು."

ಒಕ್ಬುನ್ ನಿಂತೇ ಇದ್ದಳು. ಕೂರಿ ಎನ್ನಲಿಲ್ಲ. ಅವಳ ಜೀವಮಾನದಲ್ಲಿ ಬಾಗಿಲಿಗೆ ಬಂದವರಿಗೆ ಕೂರಿ ಎನ್ನದಿದ್ದುದು ಅದೇ ಮೊದಲು.

"ತೇಸಿಕ್ ಬಗ್ಗೆ ಮೇಲಿನವರಿಗೆ ಬಹಳ ಸಂತೋಷ ಆಗಿದೆ. ಹೊಸ ವರ್ಷದ ಹಬ್ಬಕ್ಕೆ ಏಳು ದಿನ ಬಹುಮಾನದ ರಜ ಕೊಟ್ಟಿದ್ದಾರೆ."

"ಯಾವ ಕೆಲಸಕ್ಕೆ ಬಹುಮಾನ?"

"ಅವನಾಗಿ ಏನೂ ಹೇಳ್ಲಿಲ್ಲ ಬಿಡಿ. ಆದ್ರೂ ದಾಖಲೆ ಅವನ ಹೆಸರಲ್ಲೇ ಇರ್ಲಿ ಅಂತ ನಾನೇ ಬರೆದೆ. ಹುಡುಗನ ಭವಿಷ್ಯ ನೋಡ್ಬೇಕಲ್ಲ." ಅವನು ಕೋಟಿನ ಗುಂಡಿ ಹಾಕಿಕೊಂಡ. "ಅವನು ಬಂದಾಗ ಮಿರಾನ್ ಸ್ನೇಹಿತೆಯರನ್ನೂ ಕರೀರಿ ಅಮ್ಮ. ಅವಳಿಗೂ ಬಹಳ ಜನ ಅಂತೆ. ನಾನೂ ಬರ್ತೀನಿ. ನಿಮ್ ಕೈ ರುಚಿ ಮರ್ಯೋಕಾಗಲ್ಲ."

ಅವನು ಹೋದ ಮೇಲೆ, ಏನೂ ಅರಿಯದವಳಂತೆ ಅಜ್ಜಿ ಒಂದು ಹಣ್ಣು ಸುಲಿದಳು. "ಹಣ್ಣಿನ ತಪ್ಪೇನಿದೆ?" ಎಂದಳು. ತಿನ್ನಲಿಲ್ಲ, ಸುಲಿದು ಹಾಗೇ ಇಟ್ಟಳು.

ಒಕ್ಬುನ್ ಕಿತ್ತಳೆಗಳನ್ನು ಒಂದೊಂದಾಗಿ ತೆಗೆದಳು. ಡಬ್ಬದ ತಳದಲ್ಲಿ ಒಂದು ಪಾರ್ಸೆಲ್ ಚೀಟಿ. ಇಸ್ತ್ರಿ ಮಾಡಿದಷ್ಟು ಚಪ್ಪಟೆ, ಒಂದು ಮೂಲೆಯಲ್ಲಿ ಮೆಣಸಿನ ಕೆಂಪು. ಗಂಡನ ಅಕ್ಷರ. ಊಟ ಮಾಡಿ ಕೂಡಲೇ ಹೊರಡು.

ದೊಕ್ಸು ಸಂಜೆ ಬಂದು ಚೀಟಿ ನೋಡಿದ. ಟೋಪಿ ತೆಗೆಯುವುದನ್ನೂ ಮರೆತು ಅಲ್ಲೇ ಕೂತ.

"ಯಾರಿಗೂ ತೋರಿಸಿಲ್ಲ ಅಂತಾಯ್ತು," ಎಂದ. "ತೋರಿಸಿದ್ರೆ ಇಷ್ಟೊತ್ತಿಗೆ ಕೆಲ್ಸ ಹೋಗಿರೋದು."

"ತೋರಿಸದೇ ಇರೋದಕ್ಕೆ ಬೆಲೆ ಕೇಳಿ ಹೋಗಿದಾನೆ," ಎಂದಳು ಒಕ್ಬುನ್. "ಖಾಲಿ ಡಬ್ಬ ಕೊಟ್ಟಿಲ್ಲ ನೋಡಿ. ಈಗ ನಾನು ಮಿರಾನ್ ಸ್ನೇಹಿತೆಯರ ಹೆಸ್ರು ತುಂಬಿಸಿ ಕಳಿಸ್ಬೇಕು."

ಅವಳು ಚೀಟಿಯನ್ನು ಒಲೆಗೆ ಹಾಕಿದಳು. ನಕಲು ಯೊಮ್ ಬಳಿ ಇರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಒಂದು ಅಂಚೆ ಕಾರ್ಡು ತೆಗೆದು ಮಗನಿಗೆ ಬರೆಯಲು ಕೂತಳು. ಆರು ಸಾಲು ಬರೆದು ಮಿರಾನ್‌ಗೆ ಕೊಟ್ಟಳು.

"ಓದು. ಇದರಲ್ಲಿ ಸೀಗಡಿಯಂಥದ್ದು ಏನಾದ್ರೂ ಇದ್ಯಾ ನೋಡು."

ಮಿರಾನ್ ಓದಿದಳು. "'ಮಿರಾನ್‌ಗೆ ಮುಂದಿನ ವಾರ ಪರೀಕ್ಷೆ.' ಇದು ಬೇಡಮ್ಮ. ಯಾವ ದಿನ ಕಾಲೇಜಿಗೆ ಹೋಗ್ತೀನಿ ಅಂತ ಗೊತ್ತಾಗತ್ತೆ."

ಒಕ್ಬುನ್ ಅದನ್ನು ಹೊಡೆದುಹಾಕಿದಳು.

"'ಅಪ್ಪನಿಗೆ ಹಗಲು ಪಾಳಿ.' ಇದೂ ಬೇಡ."

ಹೊಡೆದುಹಾಕಿದಳು. ಅಜ್ಜಿಯ ಮಂಡಿ ಹೋಯಿತು. ಜುವಾನ್‌ನ ನಾದಿನಿಯ ಸುದ್ದಿ ಹೋಯಿತು. ಪಕ್ಕದ ಮನೆಯ ಮದುವೆಯೂ ಹೋಯಿತು. ಕೊನೆಗೆ ಹೊಸ ಕಾರ್ಡಿನ ಮೇಲೆ ಎರಡೇ ಸಾಲು ಉಳಿದವು. ಯಾರು ಎಷ್ಟು ಸಲ ಓದಿದರೂ ಹಿಂಡಲು ಏನೂ ಇಲ್ಲದಂಥವು.

'ಈ ವರ್ಷ ಕಿಮ್ಚಿ ಕೆಟ್ಟುಹೋಯಿತು. ತಿನ್ನಲು ಏನೂ ಇಲ್ಲ, ರಜಕ್ಕೆ ಬರಬೇಡ.'

ಅವಳು ಕಾರ್ಡನ್ನು ಚೀಲದಲ್ಲಿಟ್ಟು, ಬಟ್ಟಲು ಹಿಡಿದು ಹಿತ್ತಲಿಗೆ ಹೋದಳು. ಹೂತ ಜಾಡಿಯ ಮುಚ್ಚಳದ ಮೇಲಿನ ಹಿಮ ಸರಿಸಿ ಒಂದು ಕೋಸು ತೆಗೆದಳು. ಊಟಕ್ಕೆ ಕೂತಾಗ ಅಜ್ಜಿ ಒಂದು ತುಂಡು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಅಭ್ಯಾಸದಂತೆ ತೀರ್ಪು ಹೇಳಿದಳು.

"ಹತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಂದಿರಲಿಲ್ಲ."

ಹಿತ್ತಲಿನಲ್ಲಿ ಇನ್ನೂ ಆರು ಜಾಡಿ ತುಂಬ ಇತ್ತು.